ಸಣ್ಣ ಮೋಟಾರಿಗೆ ಲಾರಿಯ ಇಂಜಿನ್ನು

ಯಾವ ಗಾಡಿಯಲ್ಲಿ ಕುಳಿತರೂ ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಮುಂದಿನ ಹಲಗೆಯನ್ನು ಒತ್ತುತ್ತದೆ. ಎತ್ತಿನ ಗಾಡಿಯಾದರೂ ಅಷ್ಟೆ, ಜಟಕಾ ಆದರೂ ಅಷ್ಟೆ. ಮೊನ್ನೆ ರೈಲಿನಲ್ಲಿ ತುಮಕೂರಿಗೆ ಹೋಗುವಾಗಲೂ ಒತ್ತಿಕೊಂಡೇ ಕುಳಿತಿದ್ದೆ. ಎದುರಿಗಿದ್ದ ಹೆಂಗಸು, "ಕಾಲು ನೋವಾ ಅಜ್ಜಿ?" ಅಂದಳು. "ಇಲ್ಲಮ್ಮ, ರೈಲು ನಿಲ್ಲಿಸ್ತಿದೀನಿ" ಅಂದೆ. ಆಕೆ ಮಗುವನ್ನು ಎತ್ತಿಕೊಂಡು ಆ ಕಡೆಯ ಬೆಂಚಿಗೆ ಹೋದಳು. ಒಳ್ಳೆಯದೇ ಆಯಿತು, ನನಗೆ ಕಾಲು ಚಾಚಲು ಜಾಗ ಸಿಕ್ಕಿತು.

ನಮ್ಮ ಚಾಮರಾಜಪೇಟೆಯಲ್ಲಿ ಈಗ ಬೀದಿಗೊಬ್ಬ ಮೋಟಾರು ಡ್ರೈವರು ಹುಟ್ಟಿಕೊಂಡಿದ್ದಾನೆ. ಸಾಯಂಕಾಲವಾದರೆ ಅವರಲ್ಲಿ ನಾಲ್ಕು ಜನ ನಮ್ಮ ಜಗಲಿಗೆ ಬರುತ್ತಾರೆ. ಬರುವುದು ನನ್ನ ಮೊಮ್ಮಗ ನಂಜಪ್ಪನನ್ನು ನೋಡಲು. ತಿನ್ನುವುದು ನಾನು ಹುರಿದಿಟ್ಟ ಕಡಲೆಕಾಯಿ. ಮೀಸೆ ಸರಿಯಾಗಿ ಚಿಗುರದವನೂ ಒಂದೇ ಮಾತು ಆಡುತ್ತಾನೆ: ಗಾಡಿ ಎಳೆಯುತ್ತಿಲ್ಲ, ಇದನ್ನು ಕಿತ್ತು ಇದಕ್ಕಿಂತ ದೊಡ್ಡ ಇಂಜಿನ್ನು ಕೂರಿಸಿದರೆ ಹೇಗೆ? ಆಗ ನಂಜ ಏನೋ ಕೆಲಸ ನೆನಪಾದವನಂತೆ ಒಳಗೆ ಹೋಗಿಬಿಡುತ್ತಾನೆ. ಉತ್ತರ ಹೇಳುವ ಕೆಲಸ ನನ್ನ ಮೇಲೆ ಬೀಳುತ್ತದೆ. ಅಜ್ಜಿಗೆ ಮೋಟಾರಿನ ವಿಷಯ ಏನು ಗೊತ್ತು ಎಂದು ನೀವು ಕೇಳಬಹುದು. ಏನೂ ಗೊತ್ತಿಲ್ಲ. ನಾನು ಓದಿದ್ದು ಕೂಲಿಮಠದಲ್ಲಿ ಎರಡು ಮಳೆಗಾಲ. ಆದರೆ ನಾನು ಜಟಕಾದವನ ಹೆಂಡತಿಯಾಗಿ ಬಾಳಿದವಳು. ಮುಂದೆ ಎಳೆಯುವುದು ಒಂದಿರುತ್ತದೆ, ಹಿಂದೆ ಕುಳಿತ ಜನ ಇರುತ್ತಾರೆ. ಇವೆರಡರ ನಡುವೆ ಏನೇನು ಕೆಡಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತು.

ನಮ್ಮ ಯಜಮಾನರಿಗೂ ಇದೇ ಹುಚ್ಚು ಹಿಡಿದಿತ್ತು. ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳು ಎದ್ದವಷ್ಟೆ. ಅಲ್ಲಿಯವರೆಗೆ ಜಟಕಾದವನಿಗೆ ಕೋಟೆಯಿಂದ ಪೇಟೆಗೆ, ಪೇಟೆಯಿಂದ ಸ್ಟೇಷನ್ನಿಗೆ ಹೋದರೆ ಅದೇ ದೊಡ್ಡ ಪ್ರಯಾಣ. ಈಗ ಜನ ಊರಾಚೆ ಮನೆ ಕಟ್ಟಿಕೊಂಡು, ಕಚೇರಿಗೆ ಹೊತ್ತಾಯಿತು ಎಂದು ಬಾಗಿಲಲ್ಲೇ ಕೂಗಾಡಲು ಶುರು ಮಾಡಿದರು. ನಮ್ಮದು ಒಂದು ಗಿಡ್ಡ ಹೆಣ್ಣು ಕುದುರೆ. ಹೊಟ್ಟೆ ದಪ್ಪ, ಕಾಲು ಸಣ್ಣ, ನನ್ನ ಹಾಗೆಯೇ. ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಯಜಮಾನರಿಗೆ ಅದು ಸಾಲದೆ ಹೋಯಿತು. ಒಂದು ದಿನ ದಂಡಿನಲ್ಲಿ ಹರಾಜಿಗೆ ಬಂದ ಸಿಪಾಯಿ ಕುದುರೆಯೊಂದನ್ನು ಹಿಡಿದುಕೊಂಡು ಬಂದರು.

ಕುದುರೆ ಎಂದರೆ ಕುದುರೆ. ನಮ್ಮ ಲಾಯದ ಬಾಗಿಲಿಗೆ ಬಗ್ಗಿ ಬರಬೇಕು, ಅಷ್ಟು ಎತ್ತರ. ಬೀದಿಯ ಮಕ್ಕಳೆಲ್ಲ ಬಂದು ನೋಡಿದರು.

"ಹೆಂಗೈತೆ?" ಎಂದು ಯಜಮಾನರು ಮೀಸೆ ತಿರುವಿದರು.

"ಚೆನ್ನಾಗೈತೆ. ಇದಕ್ಕೆ ತಕ್ಕ ಗಾಡಿ ಯಾವಾಗ ತರ್ತೀರಿ?" ಅಂದೆ.

"ಗಾಡಿ ಐತಲ್ಲೇ."

"ಆ ಗಾಡಿ ಗಿಡ್ಡಿಗೆ ಮಾಡಿಸಿದ್ದು."

"ನಿನಗೇನು ತಿಳೀತದೆ, ಹೋಗಿ ಹುರುಳಿ ಬೇಯ್ಸು" ಎಂದರು. ಬೇಯಿಸಿದೆ. ಅದು ತಿಂದ ಹುರುಳಿಗೆ ಲೆಕ್ಕವಿಲ್ಲ. ಜಟಕಾದವರ ಮನೆಯಲ್ಲಿ ಒಂದು ಅನುಕೂಲವುಂಟು: ಬೆಂದ ಹುರುಳಿ ಕುದುರೆಗೆ, ಬಸಿದ ಕಟ್ಟು ಸಾರಿಗೆ. ಸಿಪಾಯಿ ಕುದುರೆ ಬಂದ ಮೇಲೆ ನಮ್ಮ ಮನೆಯಲ್ಲಿ ಎಷ್ಟು ಕಟ್ಟು ಉಳಿಯುತ್ತಿತ್ತೆಂದರೆ ಮೂರು ಹೊತ್ತೂ ಹುರುಳಿ ಸಾರು. ಪಕ್ಕದ ಮನೆಗೂ ಕೊಟ್ಟೆ. ಆಮೇಲಾಮೇಲೆ ಅವರು ನಾನು ಪಾತ್ರೆ ಹಿಡಿದು ಬರುವುದನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಈಗಿನ ಹುಡುಗರಿಗೆ ಜಟಕಾ ಕಟ್ಟಿರುವ ರೀತಿ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಅದಕ್ಕೆ ಇರುವುದು ಎರಡೇ ಗಾಲಿ. ಗಾಡಿಯಿಂದ ಮುಂದಕ್ಕೆ ಚಾಚಿದ ಎರಡು ಮೂಕಿಮರಗಳು ಕುದುರೆಯ ಎರಡು ಪಕ್ಕಕ್ಕೂ ಬಂದು ಅದರ ಬೆನ್ನಿನ ಪಟ್ಟಿಗೆ ತೂಗುತ್ತವೆ. ಕುದುರೆ ಗಿಡ್ಡಾದರೆ ಗಾಡಿ ಮಟ್ಟಸ. ಕುದುರೆ ಎತ್ತರವಾದರೆ ಮೂಕಿ ಮೇಲಕ್ಕೆ, ಗಾಡಿಯ ಹಿಂಬದಿ ಕೆಳಕ್ಕೆ. ಒಳಗೆ ಕುಳಿತವರು ಜಾರುಬಂಡೆಯ ಮೇಲೆ ಕುಳಿತ ಹಾಗೆ.

ಮೊದಲ ದಿನ ಹತ್ತಿದವರು ಬಸವನಗುಡಿಯ ಒಬ್ಬ ಪುರೋಹಿತರು. ಯಾರದೋ ಮನೆಯಲ್ಲಿ ಶಾಂತಿ ಮಾಡಿಸಿ, ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣಿನ ಗಂಟು ಕಟ್ಟಿಕೊಂಡು ಬಂದಿದ್ದರು. ಯಜಮಾನರು, "ಸ್ವಲ್ಪ ಮುಂದಕ್ಕೆ ಬಗ್ಗಿ ಕೂತ್ಕೊಳ್ಳಿ ಸ್ವಾಮಿ" ಎಂದು ಹೇಳಿಯೇ ಹೊರಟರಂತೆ. ಸಿಪಾಯಿ ಕುದುರೆ ಒಂದು ಸಲ ಭುಜ ಕೊಟ್ಟು ಎಳೆಯಿತು. ಬಸವನಗುಡಿ ಬೇಗನೆ ಬಂತು. ಇಳಿಸಿಕೊಳ್ಳಲು ಹಿಂದಿರುಗಿ ನೋಡಿದರೆ ಗಾಡಿಯಲ್ಲಿ ಒಂದು ತೆಂಗಿನಕಾಯಿ ಮಾತ್ರ ಇತ್ತು. ವಾಪಸು ಹೋಗಿ ನೋಡಿದಾಗ ಪುರೋಹಿತರು ರಸ್ತೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಕುಳಿತಿದ್ದರು. "ನಿಧಾನವಾಗಿ ಬಾರಪ್ಪ, ಅವಸರವಿಲ್ಲ" ಅಂದರಂತೆ. ಆ ಮಹಾನುಭಾವರ ತಾಳ್ಮೆಗೆ ಕೈ ಮುಗಿಯಬೇಕು.

ಯಜಮಾನರು ಸೋಲೊಪ್ಪುವ ಜನವಲ್ಲ. ಮುಂದುಗಡೆ ಭಾರಕ್ಕೆ ಒಂದು ಒರಳುಕಲ್ಲು ಹೇರಿದರು, ನನ್ನ ಒರಳುಕಲ್ಲು. ನಾಲ್ಕು ದಿನ ಚಟ್ನಿ ಇಲ್ಲದೆ ಉಂಡೆವು. ಅಷ್ಟು ಭಾರ ಹೊತ್ತ ಮೂಕಿಮರ ಐದನೆಯ ದಿನ ಸೀಳಿತು. ಆಮೇಲೆ ಆ ಕುದುರೆಯನ್ನು ಯಾರೋ ಜಮೀನುದಾರರು ಸವಾರಿಗೆಂದು ಕೊಂಡರು. ಪಾಪದ ಪ್ರಾಣಿ, ಅದರದೇನೂ ತಪ್ಪಿರಲಿಲ್ಲ. ಒಳ್ಳೆಯ ಕುದುರೆ. ನಮ್ಮ ಗಾಡಿಯದಲ್ಲ, ಅಷ್ಟೆ.

ಇದೆಲ್ಲವನ್ನೂ ನಂಜನಿಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೇನೆ. ಪುರೋಹಿತರು ರಸ್ತೆಯಲ್ಲಿ ಕುಳಿತ ಜಾಗ ಬಂದಾಗ ಬಿದ್ದು ಬಿದ್ದು ನಗುತ್ತಿದ್ದ. ಅಲ್ಲಿಯವರೆಗೆ ಮಾತ್ರ ಕೇಳಿಸಿಕೊಂಡನೆಂದು ಕಾಣುತ್ತದೆ.

ಅವನ ಅಪ್ಪ ಅಮ್ಮ ಇಬ್ಬರೂ ಇನ್‌ಫ್ಲುಯೆಂಜಾ ಬಂದ ವರ್ಷ ಹೋದರು. ನನ್ನ ಕೈಯಲ್ಲಿ ಬೆಳೆದ. ಜಟಕಾ ಬೇಡ, ಮೋಟಾರು ಕಲಿಯುತ್ತೇನೆ ಎಂದ; ಕಲಿ ಅಂದೆ. ದಂಡಿನ ದೊರೆಯೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಸಣ್ಣ ಮೋಟಾರೊಂದನ್ನು ಸಂಪಾದಿಸಿ ಬಾಡಿಗೆಗೆ ಬಿಟ್ಟ. ನಾಲ್ಕು ಜನಕ್ಕೆ ಮಾಡಿದ ಗಾಡಿ. ಹೆಂಡತಿಯನ್ನು ತರುವ ವಯಸ್ಸಾಯಿತು ಎಂದು ಮಲ್ಲೇಶ್ವರದ ಪಿಳ್ಳಪ್ಪನ ಮಗಳು ರಂಗಮ್ಮನನ್ನು ನೋಡಿಕೊಂಡು ಬಂದೆವು. ಪಿಳ್ಳಪ್ಪನದು ತರಕಾರಿ ವ್ಯಾಪಾರ, ಮನೆಯ ಸುತ್ತ ಒಂದಿಷ್ಟು ಜಾಗದಲ್ಲಿ ತಾನೇ ಬೆಳೆಯುತ್ತಾನೆ. ಹುಡುಗಿ ಅಂದು ಒಂದೇ ಒಂದು ಸಲ ತಲೆಯೆತ್ತಿ ನೋಡಿದಳು. ನಂಜ ಅಲ್ಲಿಂದ ಬಂದು ಎರಡು ದಿನ ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡ. ನನಗೆ ಅರ್ಥವಾಯಿತು.

ಇನ್ನು ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರಬೇಕು. ಜ್ಯೇಷ್ಠದ ಕೊನೆ, ಆಷಾಢಕ್ಕೆ ಮೊದಲು ಮುಗಿಸಬೇಕೆಂಬ ಆತುರ. ನಂಜ ತನ್ನ ಮೋಟಾರಿನಲ್ಲೇ ಕರೆತಂದ. ಪಿಳ್ಳಪ್ಪ, ಅವನ ಹೆಂಡತಿ, ಹಿರಿಯರಿಲ್ಲದೆ ಆಗದೆಂದು ಅವನ ಅಣ್ಣ, ಅಣ್ಣನ ಹೆಂಡತಿ, ಇಬ್ಬರು ನಾದಿನಿಯರು, ಅವರ ಮಕ್ಕಳು. ಬರುವಾಗ ಇಳಿಜಾರು, ಬಂದರು. ಹೋಗುವಾಗ ಒಬ್ಬಟ್ಟು ತಿಂದ ಹೊಟ್ಟೆ, ಜೊತೆಗೆ ನಾನು ಕಟ್ಟಿಕೊಟ್ಟ ಎರಡು ಹಲಸಿನ ಹಣ್ಣು. ಓಕಳಿಪುರದ ಹಳಿ ದಾಟಿ ಮಲ್ಲೇಶ್ವರದ ಏರಿಗೆ ಬಂದಾಗ ಮೋಟಾರು ಒಂದು ಸಲ ಕೆಮ್ಮಿ ನಿಂತಿತು. ಎಲ್ಲರೂ ಇಳಿದರು. ಗಂಡಸರು ತಳ್ಳಿದರು. ಪಿಳ್ಳಪ್ಪ ಜರಿಪೇಟ ಕಟ್ಟಿಕೊಂಡೇ ತಳ್ಳಿದ. ಹೆಂಗಸರು ಹಲಸಿನ ಹಣ್ಣು ಹೊತ್ತುಕೊಂಡು ಹಿಂದೆ ನಡೆದರು.

ಮನೆಯ ಬಾಗಿಲಲ್ಲಿ ಪಿಳ್ಳಪ್ಪ ಬೆವರು ಒರೆಸಿಕೊಂಡು, "ಆಷಾಢ ಕಳೀಲಪ್ಪ, ನೋಡೋಣ" ಅಂದನಂತೆ.

ನಂಜ ಮನೆಗೆ ಬಂದು ಕಂಬಕ್ಕೆ ಒರಗಿದ. "ಹೋಯ್ತು ಅಜ್ಜಿ. ಬೇಡ ಅಂತ ಮರ್ಯಾದೆಯಾಗಿ ಹೇಳಿ ಕಳ್ಸಿದ್ರು."

"ಆಷಾಢ ಕಳೀಲಿ ಅಂದ್ರೆ ಆಷಾಢ ಕಳೀಲಿ ಅಂತಲೇ ಕಣೋ. ಆಷಾಢದಲ್ಲಿ ಯಾರಾದ್ರೂ ಮದುವೆ ಮಾತು ಆಡ್ತಾರೇನೋ?"

"ನಿಂಗೆ ಗೊತ್ತಾಗಲ್ಲ. ಅವರ ಮುಖ ನೀನು ನೋಡ್ಲಿಲ್ಲ. ಏರು ಹತ್ತದ ಗಾಡಿಯವನಿಗೆ ಹೆಣ್ಣು ಯಾರು ಕೊಡ್ತಾರೆ?"

"ಎಷ್ಟು ಜನ ಕೂತಿದ್ರು ಅಂತ ಎಣಿಸ್ದೆಯಾ? ಮುಂದಿನ ಸಲ ಹಲಸಿನ ಹಣ್ಣು ನಾನೇ ಇಟ್ಕೋತೀನಿ, ಗಾಡಿ ಹತ್ತುತ್ತೆ."

ಅವನು ನಗಲಿಲ್ಲ. ಮಾರನೆಯ ದಿನವೇ ಕಲಾಸಿಪಾಳ್ಯದ ಗುಜರಿಯವನ ಹತ್ತಿರ ಹೋದ. ಅಲ್ಲಿ ಯುದ್ಧಕ್ಕೆ ಹೋಗಿಬಂದ ಲಾರಿಯ ಇಂಜಿನ್ನೊಂದು ಬಿದ್ದಿತ್ತು. ಗುಜರಿಯವನು, "ಇದಕ್ಕೆ ಮಲ್ಲೇಶ್ವರ ಯಾವ ಲೆಕ್ಕ, ನಂದಿಬೆಟ್ಟಾನೇ ಹತ್ತುತ್ತೆ" ಅಂದನಂತೆ. ನಂದಿಬೆಟ್ಟಕ್ಕೆ ಹೋಗುವ ಕೆಲಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇಂಜಿನ್ನು ಎತ್ತಿನ ಗಾಡಿಯಲ್ಲಿ ಬಂತು. ಅದನ್ನು ನೋಡಿದ ಕೂಡಲೇ ನನಗೆ ಲಾಯದ ಬಾಗಿಲಿಗೆ ಬಗ್ಗಿದ ಆ ಕುದುರೆ ನೆನಪಾಯಿತು. ಇದು ಬಗ್ಗುವಂಥದ್ದೂ ಅಲ್ಲ. ಜಾಗ ಸಾಲದೆ ಮೋಟಾರಿನ ಮೂತಿಯ ತಗಡನ್ನು ಕತ್ತರಿಸಿದರು. ಆದರೂ ಸಾಲದೆ ಕಾಲಿನ ಮುಂದಿನ ಹಲಗೆಯನ್ನು ಹಿಂದಕ್ಕೆ ತಳ್ಳಿದರು. ಕುಳಿತರೆ ನಂಜನ ಮೊಣಕಾಲು ಎದೆಗೆ ಬರುತ್ತಿತ್ತು. ಮುಂದಿನ ಸ್ಪ್ರಿಂಗು ಕುಸಿದು ಗಾಡಿ ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗೆ ನಿಂತಿತು.

"ಬ್ರೇಕು?" ಅಂದೆ.

"ಐತಲ್ಲ ಅಜ್ಜಿ."

"ಅದು ಸಣ್ಣ ಇಂಜಿನ್ನಿಗೆ ಮಾಡ್ಸಿದ್ದಲ್ವೇನೋ?"

"ಬ್ರೇಕು ಆಮೇಲೆ ನೋಡ್ಕೊಳ್ಳೋಣ. ಮೊದ್ಲು ಓಡ್ಲಿ."

ನನ್ನ ಜಗಲಿಗೆ ಬರುವ ಹುಡುಗರೆಲ್ಲ ಇದೇ ಮಾತು ಆಡುತ್ತಾರೆ. ಮೊದಲು ಓಡಲಿ. ಅಡುಗೆಗೆ ಮೊದಲು ಬೆಂಕಿ ಹಚ್ಚಿ, ಆಮೇಲೆ ಪಾತ್ರೆ ಹುಡುಕುವ ಹೆಂಗಸನ್ನು ಇವರು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಂಡಾರು?

ನಾನು ಮಾಡಿದ ಒಂದು ಕೆಲಸ ಮಾತ್ರ ನೀವೂ ನಿಮ್ಮ ಮನೆಯ ಅಜ್ಜಿಯರಿಗೆ ಹೇಳಿಡಿ. ಕಿತ್ತುಹಾಕಿದ ಹಳೆಯ ಇಂಜಿನ್ನನ್ನು ಒಯ್ಯಲು ಗುಜರಿಯವನು ಆಳು ಕಳಿಸಿದ. ನಾನು ಅದರ ಮೇಲೆ ಗೋಣಿ ಹಾಸಿಕೊಂಡು ಕುಳಿತು ರಾಗಿ ಕೇರುತ್ತಿದ್ದೆ. "ಏಳಿ ಅಮ್ಮ" ಅಂದರು. "ರಾಗಿ ಮುಗೀಲಿ" ಅಂದೆ. ಸಾಯಂಕಾಲದವರೆಗೂ ರಾಗಿ ಮುಗಿಯಲಿಲ್ಲ. ಮಾರನೆಯ ದಿನ ಬಂದರು, ಅವರೆಕಾಳು ಆರಿಸುತ್ತಿದ್ದೆ. ಮೂರನೆಯ ದಿನ ಬರಲಿಲ್ಲ. ಕೂರಲು ಒಳ್ಳೆಯ ಪೀಠ, ಬೇಸಿಗೆಯಲ್ಲಿ ತಣ್ಣಗಿರುತ್ತದೆ.

ಆಷಾಢ ಅರ್ಧ ಕಳೆದಿತ್ತು. ಒಂದು ದಿನ ನಂಜ, "ಬಾ ಅಜ್ಜಿ, ಕಾಡುಮಲ್ಲೇಶ್ವರನ ದರ್ಶನ ಮಾಡಿಸ್ಕೊಂಡು ಬರ್ತೀನಿ" ಅಂದ. ದೇವರ ಹೆಸರು ಹೇಳಿದರೆ ಬೇಡ ಅನ್ನುವುದು ಹೇಗೆ? ಅವನ ಪಕ್ಕದಲ್ಲಿ ಕುಳಿತೆ. ಗಾಡಿ ಶುರುವಾದ ಸದ್ದಿಗೆ ಜಟಕಾ ಸ್ಟ್ಯಾಂಡಿನ ಕುದುರೆಗಳೆಲ್ಲ ಹಿಂದಿನ ಕಾಲಿನ ಮೇಲೆ ನಿಂತವು. ಓಕಳಿಪುರ ದಾಟಿತು. ಏರು ಬಂತು. ಸುಳ್ಳು ಏಕೆ ಹೇಳಲಿ, ಆ ಏರನ್ನು ಅದು ನುಂಗಿಹಾಕಿತು. ನಂಜನ ಮುಖ ಹೂವಿನ ಹಾಗೆ ಅರಳಿತ್ತು. ನನಗೂ ಒಂದು ಕ್ಷಣ, ಈ ಮುದುಕಿ ಸುಮ್ಮನೆ ಗೊಣಗಿದಳೇನೋ ಅನ್ನಿಸಿತು.

ಆಮೇಲೆ ಗಾಡಿ ದೇವಸ್ಥಾನದ ಕಡೆಗೆ ತಿರುಗಲಿಲ್ಲ. ಪಿಳ್ಳಪ್ಪನ ಕ್ರಾಸಿಗೆ ತಿರುಗಿತು.

"ಲೋ, ಆಷಾಢದಲ್ಲಿ ಅವರ ಮನೆ ಬಾಗಿಲಿಗೆ ಹೋಗ್ತಾರೇನೋ?"

"ಒಳಗೆ ಹೋಗಲ್ಲ ಅಜ್ಜಿ. ಬಾಗ್ಲಲ್ಲಿ ನಿಲ್ಸಿ, ಒಂದ್ಸಲ ಹಾರನ್ ಒತ್ತಿ, ವಾಪಸ್."

ಹಾರನ್ ಒತ್ತಿದ. ಒಳ್ಳೆಯ ಹಾರನ್ನು, ಪಿಳ್ಳಪ್ಪ ಬಾಗಿಲಿಗೆ ಬಂದ. ನಿಲ್ಲಿಸುವುದು ಮಾತ್ರ ಆಗಲಿಲ್ಲ. ನಂಜ ಬ್ರೇಕು ತುಳಿದ, ಕೈಯಿಂದ ಎಳೆದ. ನಾನು ನನ್ನ ಕಡೆಯ ಹಲಗೆಯನ್ನು ಕಾಲಿನಿಂದ ಒತ್ತಿದೆ. ನಮ್ಮಿಬ್ಬರ ಕಾಲಿಗೂ ಗಾಡಿ ಒಂದೇ ಸಮನಾದ ಮರ್ಯಾದೆ ಕೊಟ್ಟಿತು. ತಿರುಗಿಸಲು ಹೋದರೆ ಮುಂದಿನ ಭಾರಕ್ಕೆ ಚಕ್ರ ಹೊರಳಲಿಲ್ಲ. ಪಿಳ್ಳಪ್ಪನ ಬಾಗಿಲು ದಾಟಿ, ಬೇಲಿ ದಾಟಿ, ಅವನ ಹೀರೇಕಾಯಿ ಚಪ್ಪರದೊಳಗೆ ನುಗ್ಗಿ, ಚಪ್ಪರ ನಮ್ಮ ತಲೆಯ ಮೇಲೆ ಕುಸಿದ ಮೇಲೆ ನಿಂತಿತು.

ಬಳ್ಳಿಗಳ ನಡುವಿನಿಂದ ನೋಡಿದೆ. ರಂಗಮ್ಮ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಕಂಕುಳಲ್ಲಿ ಆಗತಾನೆ ಕಿತ್ತ ಹೀರೇಕಾಯಿಯ ಬುಟ್ಟಿ. ಚಪ್ಪರದಿಂದ ಆ ಮೆಟ್ಟಿಲಿಗೆ ನಾಲ್ಕು ಮಾರು ದೂರವಿರಬಹುದು.

ನಂಜ ಇಳಿದವನು ಅವಳ ಕಡೆ ನೋಡಿದ, ಬುಟ್ಟಿಯ ಕಡೆ ನೋಡಿದ, ಮಣ್ಣಿನ ಮೇಲೆ ಕುಸಿದು ಕುಳಿತುಬಿಟ್ಟ. ಪಿಳ್ಳಪ್ಪ ನನ್ನ ಕೈ ಹಿಡಿದು ಇಳಿಸಿ, ನೀರು ಕೊಟ್ಟು, ಆಮೇಲೆ ನಿಧಾನವಾಗಿ ಅವನಿಗೆ ಹೇಳಿದ: "ಹತ್ತದ ಗಾಡೀಲಿ ಕೂತ್ಕೋಬಹುದಪ್ಪ. ನಿಲ್ಲದ ಗಾಡೀಲಿ ಹೆಂಗೆ ಕೂತ್ಕೊಳ್ಳೋದು?"

ಎತ್ತು ಕಟ್ಟಿ ಗಾಡಿಯನ್ನು ಮನೆಗೆ ಎಳೆಸಿಕೊಂಡು ಬಂದೆವು. ಈಗ ಸಂಬಂಧ ನಿಜವಾಗಿಯೂ ಹೋಯಿತು ಅಂದುಕೊಂಡೆ. ಎರಡು ದಿನ ನಂಜ ಊಟ ಮಾಡಲಿಲ್ಲ. ಅವನನ್ನು ಸಮಾಧಾನ ಮಾಡುವ ಗೋಜಿಗೆ ನಾನು ಹೋಗಲಿಲ್ಲ; ಸಮಾಧಾನಕ್ಕೆ ಚಪ್ಪರ ಏಳುವುದಿಲ್ಲ. ಮೂರನೆಯ ದಿನ ಗುರುವಾರ ಬೆಳಗ್ಗೆ ಒಂದು ಹೊರೆ ಬಿದಿರು, ಹಗ್ಗ ಜಟಕಾಕ್ಕೆ ಹೇರಿಸಿ, "ಹತ್ತು" ಅಂದೆ. ಹತ್ತಿದ.

ಪಿಳ್ಳಪ್ಪ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನಂಜ ಗುಂಡಿ ತೋಡಿ ಕಂಬ ನೆಟ್ಟ. ಅಡ್ಡಲಾಗಿ ಗಳ ಕಟ್ಟಿದ. ಬದುಕಿದ ಬಳ್ಳಿಗಳನ್ನು ಒಂದೊಂದಾಗಿ ಬಿಡಿಸಿ ಮೇಲಕ್ಕೆ ಹಬ್ಬಿಸಿದ. ನಾನು ಪಿಳ್ಳಪ್ಪನ ಜೊತೆ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡೆ. ಆಷಾಢ, ಮದುವೆಯ ಮಾತು ಆಡುವ ಹಾಗಿಲ್ಲ. ಆದ್ದರಿಂದ ಮೋಟಾರಿನ ಮಾತು ಆಡಿದೆವು.

"ಮೊದಲ್ನೇ ಸಲ ಕೆಟ್ಟು ನಿಂತ್ಕೊಂಡ್ತಲ್ಲಮ್ಮ," ಎಂದ ಪಿಳ್ಳಪ್ಪ, "ನಮ್ಮಣ್ಣ ನನ್ನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಹಿರಿಯ ಅಂತ ಕರ್ಕೊಂಡು ಬಂದಿದ್ದೆ ಅಷ್ಟೆ. ಅವತ್ತು ಏರಿನಲ್ಲಿ, 'ಲೋ ಪಿಳ್ಳ, ಒಬ್ಬಟ್ಟು ತಿಂದಿದ್ದು ಎಲ್ಲಿ ಹೋಯ್ತೋ, ಗಟ್ಟಿಯಾಗಿ ತಳ್ಳೋ' ಅಂದ. ಅವತ್ತಿಂದ ಮಾತಾಡ್ತವನೆ. ಆ ಗಾಡಿ ಮೇಲೆ ನನಗೆ ಒಳ್ಳೇ ಮನಸ್ಸೇ ಇತ್ತು."

"ಈಗ?"

"ಈಗ ನಾನೇನೂ ಹೇಳಲ್ಲ. ದಿನಾ ಆ ಚಪ್ಪರದ ಕೆಳಗೆ ಇರೋಳು ಅವಳು. ಹೇಳೋದಿದ್ರೆ ಅವಳೇ ಹೇಳ್ಬೇಕು."

ಅವಳು ಚಪ್ಪರದ ಆ ಬದಿಯಲ್ಲಿ ನಿಂತು ಬಳ್ಳಿ ಕಟ್ಟಲು ಬಾಳೆನಾರು ಸೀಳಿ ಕೊಡುತ್ತಿದ್ದಳು. ನಂಜ ತಗೊಂಡು ಕಟ್ಟುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾರು ಮುಗಿಯುತ್ತ ಬಂದಾಗ ಅವಳು ಬಿದಿರ ಕಂಬಕ್ಕೆ ಹೇಳುವವಳಂತೆ ಕೇಳಿದಳು:

"ಆ ದೊಡ್ಡ ಇಂಜಿನ್ನು ಇನ್ನೂ ಮನೇಲೇ ಐತಾ?"

ನಂಜ ಗಂಟಿಗೆ ಉತ್ತರ ಕೊಟ್ಟ: "ಐತೆ. ಹಳೇದನ್ನೇ ವಾಪಸ್ ಹಾಕ್ತೀನಿ. ಅದನ್ನ ನಾಳೇನೇ ಮಾರಿಬಿಡ್ತೀನಿ."

"ನಾಳೆ ಶುಕ್ರವಾರ. ಮನೇಲಿರೋದನ್ನ ಆಚೆ ಕಳ್ಸಬಾರ್ದು."

"ಹಂಗಾದ್ರೆ ಶನಿವಾರ."

"ಶನಿವಾರ ಕಬ್ಬಿಣದ ವ್ಯವಹಾರ ಯಾರಾದ್ರೂ ಮಾಡ್ತಾರಾ? ಭಾನುವಾರ ಮಾರಿ" ಎಂದು ಉಳಿದ ನಾರನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ನಂಜ ಅಲ್ಲೇ ನಿಂತ. ಅವನಿಗೆ ಇನ್ನೂ ತಿಳಿದಿರಲಿಲ್ಲ. ಗಂಡಸರಿಗೆ ಯಾವುದು ಬೇಗ ತಿಳಿಯುತ್ತದೆ? ನಾನೂ ಪಿಳ್ಳಪ್ಪನೂ ಮದುವೆಯ ಮಾತು ಎತ್ತದೆ ಇನ್ನೊಂದು ಎಲೆ ಮಡಿಸಿದೆವು, ಆಷಾಢವಲ್ಲವೆ. ಆದರೆ ನಾನು ಇಷ್ಟು ಮನೆ ನೋಡಿದ್ದೇನೆ, ಪರರ ಮನೆಯ ಇಂಜಿನ್ನಿಗೆ ವಾರ ನೋಡುವ ಹುಡುಗಿಯನ್ನು ಇನ್ನೂ ಕಂಡಿಲ್ಲ.